ಅಂಗೈ ಮೇಲೆ ಬರೆದ ಹೆಸರು

ಮಗಳ ಕೂಸಿಗೆ ಬಜೆ ಬೇಕೆಂದು ಹೋದ ವಾರ ದಿಲ್‌ಸುಖ್‌ನಗರದ ಗಿಡಮೂಲಿಕೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಒಂದು ಕೊಂಬು ಮುರಿದು ಮೂಗಿನ ಹತ್ತಿರ ಹಿಡಿದು, "ವಾಸನ ಚೂಡಂಡಿ ಅಮ್ಮಾ" ಅಂದ. ಆ ಖಾರ ಖಾರ ಮಣ್ಣುವಾಸನೆ... ಬಜೆ ಎಂದರೆ ಊರಿಗೆಲ್ಲ ಬಾಣಂತಿ ಕೋಣೆ ನೆನಪಾಗುತ್ತದೆ. ನನಗೆ ನೆನಪಾದದ್ದು ಕುಷಾಯಿಗೂಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ. ಹಳೆಯ ಕಾಗದದ ಗಂಟುಗಳಿಗೆ ಹುಳ ಬೀಳಬಾರದೆಂದು ಅವರು ಬಜೆಯ ತುಂಡು ಇಟ್ಟಿರುತ್ತಿದ್ದರು. ಅವರ ಅಂಗಿಗೂ ಅದೇ ವಾಸನೆ.

ಕಾಕಾ ನಮಗೆ ಸಂಬಂಧಿಕರೇನಲ್ಲ. ಅಪ್ಪ ಕಾರ್ಖಾನೆ ನೌಕರಿಗೆಂದು ಬಂದು ಅಲ್ಲಿ ಮನೆ ಮಾಡಿದಾಗ, ಆ ತೆಲುಗಿನ ಓಣಿಯಲ್ಲಿ ಗೋಡೆಯಾಚೆ ಕನ್ನಡ ಕೇಳಿಸಿತು, ಅಷ್ಟೇ ಸಾಕಾಯಿತು. ಅವರು ಭಾಲ್ಕಿ ಕಡೆಯವರು. ಸರ್ಕಾರಿ ದಫ್ತರದಲ್ಲಿ ಹಳೆಯ ಕಾಗದ ಓದುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಮೋಡಿ ಅಕ್ಷರ ಅವರಿಗೆ ನೀರು ಕುಡಿದಷ್ಟು ಸಲೀಸು. ಮೋಡಿ ಎಂದರೆ ಅಜ್ಜಂದಿರ ಕಾಲದ ಅವಸರದ ಬರವಣಿಗೆ. ಲೇಖಣಿ ಎತ್ತದೆ, ಪದಕ್ಕೂ ಪದಕ್ಕೂ ಜಾಗ ಬಿಡದೆ ಓಡುತ್ತದೆ. ನನ್ನ ಕಣ್ಣಿಗೆ ಕೋಲಿನ ಮೇಲೆ ಒಣಹಾಕಿದ ಶಾವಿಗೆಯ ಹಾಗೆ ಕಾಣುತ್ತಿತ್ತು. ಹೊಲ ಪಾಲು ಮಾಡಿಕೊಳ್ಳಬೇಕಾದವರು, ಯಾರ ಅಜ್ಜ ಯಾರಿಗೆ ಅಣ್ಣನಾಗಬೇಕೆಂದು ಜಗಳಾಡಿ ಸುಸ್ತಾದವರು, ಮನೆತನದ ವಂಶಾವಳಿ ಬಗಲಲ್ಲಿಟ್ಟುಕೊಂಡು ಅವರ ಬಾಗಿಲಿಗೆ ಬರುತ್ತಿದ್ದರು.

ನನ್ನ ಡಿಗ್ರಿ ಮುಗಿದು ಮನೆಯಲ್ಲಿ ಗಂಡು ನೋಡುತ್ತಿದ್ದ ವರ್ಷ ಕಾಕಾರ ಕಣ್ಣು ಹೋದವು. ಬೆಳಕು, ನೆರಳು ತಿಳಿಯುತ್ತಿತ್ತು, ಅಕ್ಷರ ಇಲ್ಲ. ಜನ ಮಾತ್ರ ಬರುವುದು ಬಿಡಲಿಲ್ಲ. ಮಗ, ಸೊಸೆ ಕೆಲಸಕ್ಕೆ ಹೋದಮೇಲೆ ಕಾಕಾ ಗೋಡೆಯಾಚೆಯಿಂದ ಕೂಗುತ್ತಿದ್ದರು. "ತಂಗೀ, ಕೆಲಸಿಲ್ಲದ ಕುಂತೀಯಲ್ಲಾ, ನಿನ್ನ ಕಣ್ಣು ಸ್ವಲ್ಪ ಕಡಾ ಕೊಡು ಬಾ!"

ಹೋಗಿ ಅವರ ಖುರ್ಚಿಯ ಪಕ್ಕ ಕೂಡುತ್ತಿದ್ದೆ. ಅವರು ಬಲಗೈ ಚಾಚುತ್ತಿದ್ದರು. ಕಾಗದದಲ್ಲಿ ಕಂಡ ಗೆರೆಯನ್ನು ನಾನು ಬೆರಳಿನಿಂದ ಅವರ ಅಂಗೈ ಮೇಲೆ ಹಾಗೆಯೇ ಎಳೆಯಬೇಕು, ಅವರು ಓದಬೇಕು. ನನಗೆ ಒಂದಕ್ಷರ ಬರುತ್ತಿರಲಿಲ್ಲ, ಅವರಿಗೆ ಒಂದಕ್ಷರ ಕಾಣುತ್ತಿರಲಿಲ್ಲ. ಆದರೂ ಇಬ್ಬರೂ ಸೇರಿ ಎಷ್ಟೋ ಮನೆಗಳ ಮುತ್ತಜ್ಜಂದಿರನ್ನು ಹುಡುಕಿಕೊಟ್ಟೆವು. ಒಮ್ಮೆ ಮಾತ್ರ ಮಾಸಿದ ಒಂದು ಗೆರೆಯನ್ನು ಅಂದಾಜಿನಿಂದ ಮುಂದಕ್ಕೆ ಎಳೆದುಬಿಟ್ಟೆ. ಪಾಪ, ಯಾರದೋ ಮನೆಯ ಅಜ್ಜ ಮಗನಿಗೇ ತಮ್ಮನಾಗಿ ಕೂತ. ಬಂದವರು ಕಕ್ಕಾಬಿಕ್ಕಿ! ಕಾಕಾ ಅವರನ್ನು ಕಳಿಸಿ ನನ್ನ ಕಡೆ ತಿರುಗಿದರು. "ಕಂಡಷ್ಟs ಬರಿ. ಕಾಣಲಿಲ್ಲಂದ್ರ ಕಾಣಲಿಲ್ಲ ಅನ್ನು. ಕಲ್ಪನಾ ಮಾಡಾಕ ನಾಟಕ ಬರ್ಯಾಕತ್ತಿಲ್ಲ ನಾವು." ನಾನು ಎರಡು ದಿನ ಮುನಿಸಿಕೊಂಡು ಆ ಕಡೆ ಹೋಗಲಿಲ್ಲ. ಮೂರನೆಯ ದಿನ ಅವರೇ ಕೂಗಿದರು.

ಊರವರ ಕಾಗದವನ್ನೆಲ್ಲ ಓದಿದ ಈ ಮನುಷ್ಯನಿಗೆ ತನ್ನ ಮೊದಲ ಹೆಸರೇ ಗೊತ್ತಿರಲಿಲ್ಲ. ಎರಡು ವರ್ಷದವರಿದ್ದಾಗ ಅವರನ್ನು ದತ್ತಕ ಕೊಟ್ಟಿದ್ದರಂತೆ. ದತ್ತಕ ಹೋದ ಮನೆಯಲ್ಲಿ ಹೊಸ ಹೆಸರಿಟ್ಟು, ಹಳೆಯದನ್ನು ಯಾರೂ ಬಾಯಿಗೆ ತರಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಅದಾಗಿ ನಾಲ್ಕು ವರ್ಷಕ್ಕೆ ಹೆತ್ತವ್ವ ತೀರಿಕೊಂಡಳು. "ಯಾರೋ ಹೊಸ್ತಿಲದಾಗ ನಿಂತು ನನ್ನ ಕರದಂಗ ನೆನಪೈತಿ. ದನಿ ನೆನಪೈತಿ, ಹೆಸರು ನೆನಪಿಲ್ಲ" ಅನ್ನುತ್ತಿದ್ದರು. ಇನ್ನೊಂದು ಮಾತೂ ಇತ್ತು. ಅದನ್ನು ಒಮ್ಮೆ ಮಾತ್ರ, ಗೋಡೆಯ ಕಡೆ ಮುಖ ಮಾಡಿ ಹೇಳಿದ್ದರು. "ನನ್ನ ಕೊಟ್ಟ ವರ್ಷs ತಮ್ಮ ಹುಟ್ಟಿದ. ಅವನ್ನ ಇಟಗೊಂಡ್ರು, ನನ್ನ ಕೊಟ್ರು."

ಎಪ್ಪತ್ತು ದಾಟಿದ ಮೇಲೂ ಆ ಮುಳ್ಳು ಅಲ್ಲೇ ಇತ್ತು.

ಆ ತಮ್ಮನೂ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಒಂದು ಮಧ್ಯಾಹ್ನ ಅವನ ಮೊಮ್ಮಗನ ಹೆಂಡತಿ ಅಮೀರ್‌ಪೇಟ್ ಕಡೆಯಿಂದ ಬಸ್ಸಿನಲ್ಲಿ ಒಂದು ಗಂಟು ತಂದಳು. "ನಮ್ಮನ್ಯಾಗ ಯಾರಿಗೂ ಓದಾಕ ಬರಂಗಿಲ್ರಿ ಅಜ್ಜಾರ. ನಿಮ್ಮದೂ ಮನೀನs ಅಲ್ರಿ ಇದು" ಎಂದು ಗಂಟು ಅವರ ತೊಡೆಯ ಮೇಲಿಟ್ಟು, ಚಹಾ ಕುಡಿದು ಹೋದಳು. ಹೆತ್ತ ಮನೆಯ ವಂಶಾವಳಿ! ಕಾಕಾ ಒಂದು ವಾರ ಅದನ್ನು ಬಿಚ್ಚಲಿಲ್ಲ. ನಾನು ಕೇಳಿದರೆ, "ಇವತ್ತು ತಲಿ ಸರಿ ಇಲ್ಲ" ಅನ್ನುವರು, ಮರುದಿನ ಇನ್ನೇನೋ ನೆಪ. ಕೊನೆಗೆ ನಾನೇ ಗಂಟು ಬಿಚ್ಚಿದೆ. ಅವರು ಕೈ ಚಾಚಿದರು.

ಐದು ತಲೆಮಾರು, ಸಾಲು ಸಾಲು ಗುಂಡು, ಗುಂಡಿನೊಳಗೆ ಹೆಸರು. ಬರೆಯುತ್ತ ಓದುತ್ತ ಹೋದೆವು, ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಇವರೆಲ್ಲ ಗಿಡದಿಂದ ಉದುರಿದರೇನೋ ಅಂತ ನನಗೆ ಸಿಟ್ಟೇ ಬಂತು. ಅವರ ತಂದೆಯ ಹೆಸರು ಸಿಕ್ಕಿತು. ಅದರ ಕೆಳಗೆ ಎರಡು ಗುಂಡು ಇರಬೇಕಿತ್ತು, ಇವರದು ಮತ್ತು ತಮ್ಮನದು. ಆದರೆ ಐದು ಇದ್ದವು.

"ಐದು? ಸರಿ ನೋಡು" ಅಂದರು.

ಮೊದಲನೆಯದನ್ನು ಅಂಗೈ ಮೇಲೆ ಬರೆದೆ. ಹೆಸರು, ಅದರ ಕೆಳಗೆ ಎರಡಕ್ಷರ. "ಗತ" ಎಂದು ಓದಿದರು. ತೀರಿಕೊಂಡದ್ದು. ಪಕ್ಕದಲ್ಲಿದ್ದ ವಯಸ್ಸಿನ ಅಂಕಿಯನ್ನೂ ಬರೆದೆ, ಎಂಟು ತಿಂಗಳ ಕೂಸು. ಎರಡನೆಯದನ್ನು ಬರೆದೆ. ಅದರ ಕೆಳಗೂ ಅದೇ ಎರಡಕ್ಷರ. ಮೂರನೆಯದಕ್ಕೆ ಬರುವಷ್ಟರಲ್ಲಿ ಆ ಎರಡಕ್ಷರ ನನಗೂ ಓದಲು ಬಂದಿತ್ತು. ನಾಲ್ಕನೆಯ ಗುಂಡಿನ ಕೆಳಗಿದ್ದುದನ್ನು ಮೊದಲು ಬರೆದೆ, "ದತ್ತ ಕೊಟ್ಟದ್ದು" ಎಂದು ಓದಿದರು. ಅದರೊಳಗಿನ ಹೆಸರನ್ನು ನಿಧಾನವಾಗಿ, ಒಂದೊಂದೇ ಗೆರೆ, ಕಂಡಷ್ಟೇ ಎಳೆದೆ. ಕೊನೆಯ ಗೆರೆ ಮುಗಿಯುವ ಮೊದಲೇ ಅವರು ಅಂಗೈ ಮುಚ್ಚಿಬಿಟ್ಟರು. ನನ್ನ ಬೆರಳು ಅವರ ಮುಷ್ಟಿಯೊಳಗೇ ಉಳಿಯಿತು.

"ತಿಪ್ಪಣ್ಣ" ಅಂದರು.

ಆಮೇಲೆ ನನ್ನ ಬೆರಳು ಬಿಟ್ಟು, "ತಿಪ್ಪಣ್ಣ ಅಂತ ಯಾರಿಗೆ ಇಡ್ತಾರ ಗೊತ್ತೈತೇನು ತಂಗೀ?" ಎಂದು ಕೇಳಿದರು.

ಗೊತ್ತಿತ್ತು. ನಮ್ಮ ಕಡೆ ಯಾರಿಗೆ ಗೊತ್ತಿಲ್ಲ! ಹುಟ್ಟಿದ ಕೂಸು ಉಳಿಯದ ಮನೆಯಲ್ಲಿ, ಮುಂದೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡು, ಸಾವಿಗೂ ಬೇಡವಾಗಲಿ ಎಂದು ಇಡುವ ಹೆಸರು ಅದು.

"ಹೆತ್ತಾಕಿ ನನ್ನ ಬಿಟ್ಟಿಲ್ಲ ತಂಗೀ. ತನ್ನ ಉಡ್ಯಾಗ ಕೂಸು ಉಳಿಯಂಗಿಲ್ಲಂತ ಬ್ಯಾರೇದವರ ಉಡ್ಯಾಗ ಹಾಕ್ಯಾಳ" ಅಂದರು. ಕಾಣದ ಆ ಕಣ್ಣುಗಳಿಂದ ನೀರು ಇಳಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. ಕಾಗದದಲ್ಲಿ ಅಷ್ಟೆಲ್ಲ ಬರೆದಿರಲಿಲ್ಲ. ಅಂದಾಜಿನಿಂದ ಓದಬೇಡ ಎಂದು ನನ್ನನ್ನು ಬೈದವರು ಅವರೇ. ನಾನು ಕಾಗದ ಮಡಿಸಿ ಗಂಟು ಕಟ್ಟಿದೆ. ನನಗೂ ಅದು ನಿಜವೇ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಎರಡು ದಿನ ಬಿಟ್ಟು, ಚಹಾ ಕೊಡಲು ಹೋದಾಗ ಕಾಕಾ ಸಣ್ಣ ಹುಡುಗರ ಹಾಗೆ ಸಂಕೋಚಪಡುತ್ತ ಕೇಳಿದರು.

"ತಂಗೀ, ಒಂದ್ ಸಲ ಆ ಹೆಸರಿಲೆ ನನ್ನ ಕರಿ ನೋಡೂಣು. ಹೊಸ್ತಿಲದಾಗ ನಿಂತು ಕರಿ."

"ಅಯ್ಯ ಶಿವನ! ನಿಮ್ಮನ್ನ ಹೆಸರು ಹಿಡದು ಕರೀಲೇನ್ರಿ ಕಾಕಾ? ನನ್ನ ನಾಲಿಗಿ ಬಿದ್ದು ಹೋಗಂಗಿಲ್ಲೇನ್ರಿ!" ಎಂದು ನಕ್ಕುಬಿಟ್ಟೆ.

"ಹೌದ ಬಿಡು, ಖರೇನs" ಎಂದು ಅವರೂ ನಕ್ಕರು. ಚಹಾ ಕುಡಿದರು. ಮತ್ತೆಂದೂ ಕೇಳಲಿಲ್ಲ.

ಅವರಿಗಿಂತ ದೊಡ್ಡವರು ಯಾರೂ ಉಳಿದಿರಲಿಲ್ಲ. ಮಗ ಅಪ್ಪಾ ಅನ್ನುತ್ತಿದ್ದ, ಸೊಸೆ ಮಾವನವರು ಅನ್ನುತ್ತಿದ್ದಳು, ಓಣಿಯ ತೆಲುಗಿನವರು ಪಂತುಲುಗಾರು ಅನ್ನುತ್ತಿದ್ದರು. ಆ ಹೆಸರು ಗೊತ್ತಿದ್ದವಳು ನಾನೊಬ್ಬಳೇ... ಇದು ನನ್ನ ದಡ್ಡತಲೆಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ಮದುವೆಯಾಗಿ ದಿಲ್‌ಸುಖ್‌ನಗರಕ್ಕೆ ಬಂದಮೇಲೆ. ತವರಿಗೆ ಹೋದಾಗಲೆಲ್ಲ, ಈ ಸಲ ಕರೆದುಬಿಡಬೇಕು ಅಂದುಕೊಳ್ಳುತ್ತಿದ್ದೆ. ಮಗ ಇರುತ್ತಿದ್ದ, ಇಲ್ಲ ಯಾರಾದರೂ ಬಂದಿರುತ್ತಿದ್ದರು, ನಾಚಿಕೆಯಾಗುತ್ತಿತ್ತು. ನಾಲ್ಕು ವರ್ಷ ಹಾಗೆಯೇ ಕಳೆಯಿತು. ಐದನೆಯ ವರ್ಷ ಅಪ್ಪ ಫೋನು ಮಾಡಿ, ಕಾಕಾ ಹೋದರು ಅಂದ.

ಈಗ ನನಗೂ ಅರವತ್ತು ಹತ್ತಿರ ಬಂತು. ಅವ್ವ, ಅಪ್ಪ, ಅಕ್ಕ ಎಲ್ಲರೂ ಹೋಗಿ, ನನ್ನನ್ನು ಹೆಸರು ಹಿಡಿದು ಗದರುವವರು ಯಾರೂ ಇಲ್ಲ. ಎಲ್ಲರಿಗೂ ಅತ್ತೆ, ಅಜ್ಜಿ, ಆಂಟಿ. ಹೀಗಾದಾಗ ಕಿವಿ ಎಷ್ಟು ಬರಿದೆನಿಸುತ್ತದೆಂದು ಇಪ್ಪತ್ತೊಂದರ ಹುಡುಗಿಗೆ ಎಲ್ಲಿ ತಿಳಿಯಬೇಕು?

ಅಂಗಡಿಯಿಂದ ಬಂದ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನನಗೇ ಗೊತ್ತಿಲ್ಲದೆ, "ತಿಪ್ಪಣ್ಣಾ..." ಎಂದುಬಿಟ್ಟೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಒಳಗೆ ಕೂಸಿಗೆ ಹಾಲು ಕುಡಿಸುತ್ತಿದ್ದ ಮಗಳು, "ಯಾರನ್ನ ಕರ್ಯಾಕತ್ತೀ ಅವ್ವಾ?" ಅಂದಳು.

"ಕರೀಬೇಕಾದಾಗ ಕರೀಲಿಲ್ಲ ನೋಡವಾ" ಅಂದೆ.