ಬಸುರಿಯ ಗಂಡನ ಗಡ್ಡ

ಎಂಬತ್ತರ ದಶಕದ ಮಾತು. ದೂರದ ಯಾವುದೋ ರೈಲು ನಿಲ್ದಾಣದಲ್ಲಿ ಬಾಂಬಿಟ್ಟವನು ನಮ್ಮ ಕಡೆಗೇ ಓಡಿಬಂದಿದ್ದಾನೆಂದು ಸುದ್ದಿ ಹಬ್ಬಿತ್ತು. ಚನ್ನಗಿರಿ ಬಸ್‌ಸ್ಟ್ಯಾಂಡಿನ ಗೋಡೆಗೆ ಪೊಲೀಸರು ಅವನ ಚಿತ್ರ ಅಂಟಿಸಿದ್ದರು. ಅದರಲ್ಲಿ ಗಡ್ಡ ಬಿಟ್ಟರೆ ಬೇರೇನೂ ನೆಟ್ಟಗೆ ಕಾಣುತ್ತಿರಲಿಲ್ಲ.

ನಮ್ಮ ಯಜಮಾನರಿಗೂ ಮುಖದ ತುಂಬ ಗಡ್ಡ. ನಾನು ತುಂಬಿದ ಬಸುರಿ. ಬಸುರಿಯ ಗಂಡ ಕ್ಷೌರ ಮಾಡಿಸಬಾರದೆಂಬುದು ನಮ್ಮಲ್ಲಿ ಪದ್ಧತಿ. ಹಿಂದಿನ ಸಲ ಅವರು ಅದನ್ನೆಲ್ಲ ನಂಬದೆ ಬೋಳಿಸಿಕೊಂಡಿದ್ದರು, ಕೂಸು ಉಳಿಯಲಿಲ್ಲ. ಆ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಈ ಸಲ ಮಾತ್ರ ಕತ್ತಿ ಮುಟ್ಟಿಸಿರಲಿಲ್ಲ.

ಜಗಳೂರಿನಿಂದ ಬಂದು ಚನ್ನಗಿರಿಯ ನೆಂಟರ ಮನೆಯಲ್ಲಿ ತಂಗಿ, ಹೊನ್ನಾಳಿ ಮೇಲೆ ನ್ಯಾಮತಿಯ ನನ್ನ ತವರಿಗೆ ಹೊರಟಿದ್ದೆವು. ಬಸ್ ಬಂದದ್ದೇ ತಡ, ಯಜಮಾನರು ಎಲ್ಲರಂತೆ ಕಿಟಕಿಯಿಂದ ಚೀಲ ತೂರಿಸಿ ನನಗೊಂದು ಸೀಟು ಹಿಡಿದರು. ನೀರು ತರಲು ಅತ್ತ ತಿರುಗಿದರೋ ಇಲ್ಲವೋ, ಯಾರೋ ಕೂಗಿದ: "ಲೇ, ಅವನೇ ಕಣ್ರೋ! ಚೀಲ ಎಸೆದು ಓಡ್ತಾನೆ, ಹಿಡ್ಕಳ್ರೋ!"

ಬಸ್ಸು ಖಾಲಿಯಾಯಿತು. ಯಜಮಾನರ ಮೇಲೆ ಏಟು ಬಿದ್ದವು. ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಮುಖ ಮುಚ್ಕಂತಾನೆ ನೋಡ್ರಿ, ಇವನೇ!" ಎಂದು ಇನ್ನಷ್ಟು ಬಿದ್ದವು. ಪೊಲೀಸ್ ದಫೇದಾರ ಬಂದು ಬಿಡಿಸಿದ. "ಮೊದ್ಲು ಗಡ್ಡ ಬೋಳಿಸ್ರಿ, ಮುಖ ನೋಡಾನ" ಎಂದು ಅವರನ್ನು ಎದುರಿನ ಕ್ಷೌರದಂಗಡಿಗೆ ಎಳೆದ.

ನನಗೆ ಮೈಯೆಲ್ಲ ಉರಿಯಿತು. ಭಯವೇ? ಎಂಥದ್ದೂ ಇಲ್ಲ.

"ಗಡ್ಡಕ್ಕೆ ಕೈ ಹಚ್ಚಿದ್ರೆ ನೋಡ್ರಿ ಮತ್ತೆ! ಚೀಲದಾಗೆ ಏನೈತೆ ಅಂತ ನಾನೇ ತೋರಿಸ್ತೀನಿ" ಎಂದು ಹೊಟ್ಟೆ ಹಿಡಿದುಕೊಂಡು ಬಸ್ ಹತ್ತಿದೆ. "ಬ್ಯಾಡ ಕಣವ್ವಾ, ಇಳೀ!" ಎಂದು ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ಕೂಗುತ್ತಿತ್ತು. ನನ್ನ ಸೀಟಿನಲ್ಲಿ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದನ್ನೇ ಕಿಟಕಿಯಿಂದ ಎತ್ತಿ ತೋರಿಸಿದೆ: ಸೀರೆ, ಹುಣಸೆಹಣ್ಣು, ಸೀಮಂತದ ಹಸಿರು ಬಳೆ.

"ಸಾಕೇನ್ರೀ? ಹೊಟ್ಟೇನೂ ಬಗೆದು ತೋರಿಸ್ಲೇನು?"

ದಫೇದಾರ ಹಿಡಿದಿದ್ದ ತೋಳು ಬಿಟ್ಟ. ಬಳೆ ನೋಡಿದ ಕ್ಷೌರದವನು ಕತ್ತಿ ಮಡಚಿದ. "ಬಸುರಿ ಗಂಡ, ಸಾಹೇಬ್ರ. ನನ್ ಕೈಲಿ ಆಗಾಕಿಲ್ಲ." ಹೊಡೆದವರಲ್ಲೇ ಒಬ್ಬ ಓಡಿಹೋಗಿ ಸೋಡಾ ತಂದ.

ಬಸ್ ಹೊರಟ ಮೇಲೆ ಚೆನ್ನಾಗಿ ಬೈದೆ: "ತಲೆ ಕಾಯ್ಕೊಳ್ಳೋದು ಬಿಟ್ಟು ಕಳ್ಳನಂಗೆ ಮುಖ ಯಾಕೆ ಮುಚ್ಕಂಡ್ರಿ?"

ಅವರ ಹಣೆ ಊದಿತ್ತು, ತುಟಿ ಒಡೆದಿತ್ತು.

"ಮುಖ ಅಲ್ಲ ಕಣೇ" ಎಂದರು. "ಯಾರೋ ಗಡ್ಡ ಕೀಳಾಕೆ ಬಂದ್ರು."

ಹೊನ್ನಾಳಿ ಬರುವವರೆಗೂ ನಾನು ಅವರ ಕೈ ಹಿಡಿದುಕೊಂಡೇ ಕೂತಿದ್ದೆ.