ಉಸ್ತಾದರ ಕೈ ಕೆಟ್ಟಿರಲಿಲ್ಲ

ಶಮೀಮ್, ಆ ಬೋಲ್ಟು ಕೆಡಿಸಿದವನು ನಾನು. ನಿನ್ನ ಅಬ್ಬಾ ಅಲ್ಲ. ಇಷ್ಟು ಬರೆಯಲು ನನಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಬರೆದ ಮೇಲೆ ನೋಡಿದರೆ ಒಂದೂವರೆ ಸಾಲೂ ಇಲ್ಲ.

ಹೋದ ವಾರ ಚಿಂಚೋಳಿಗೆ ನಿನ್ನ ಮನೆಗೆ ಬಂದಾಗ ನೀನು ಚಹಾ ಕೊಟ್ಟೆ, ಕಪ್ಪು ತುಳುಕಿ ಬಸಿಯಲ್ಲಿ ಚೆಲ್ಲಿತು. ಮೂಲೆಯಲ್ಲಿ ಹೊಲಿಗೆ ಮಷಿನ್ನಿನ ಮೇಲೆ ಹಳೆಯ ಚಾದರ ಹೊದಿಸಿದ್ದೆ. ಯಾಕೆ ಅಂತ ನಾನು ಕೇಳಿದೆ.

"ಅಬ್ಬಾನ ಕೈ ನಡುಗೋ ರೋಗ ನನಗೂ ಬಂದದ ಅಣ್ಣಾ. ಮೊನ್ನೆ ಎರಡು ಸಲ ಹೊಲಿಗಿ ಸೊಟ್ಟ ಆತು. ಮಷಿನ್ ಯಾರಿಗರ ಕೊಟ್ಟುಬಿಡ್ತೀನ್ರಿ," ಅಂದೆ ನೀನು. ಆಮೇಲೆ ನಕ್ಕು ಹೇಳಿದೆ, "ಅಬ್ಬಾಗ ನೀವಿದ್ರಿ. ಅವರ ಕೈ ಹೋದ ಮ್ಯಾಲ ನೀವೇ ಅವರ ಕೈ ಆದ್ರಿ. ನನಗ ಯಾರದಾರ?"

ನಾನು ಚಹಾ ಕುಡಿದು ಎದ್ದು ಬಂದೆ. ಬಸ್ಸು ಕಾಳಗಿ ದಾಟುವವರೆಗೂ ಕಿಟಕಿಯ ಹೊರಗೆ ಏನಿತ್ತೋ ನನಗೆ ತಿಳಿಯದು. ಮೂವತ್ತೈದೂ ತುಂಬದ ಹೆಣ್ಣುಮಗಳು ಇಲ್ಲದ ರೋಗಕ್ಕೆ ಹೆದರಿ ಕೈಯ ಕೆಲಸ ಬಿಡುತ್ತಿದ್ದಾಳೆ — ಆ ರೋಗವನ್ನು ಹುಟ್ಟಿಸಿದ ಮನುಷ್ಯ ಅವಳ ಮನೆಯ ಚಹಾ ಕುಡಿದು ಬಸ್ಸು ಹತ್ತಿದ್ದಾನೆ.

ಆಗ ನೀನು ಹತ್ತು ವರ್ಷದವಳು. ಇನ್ನೂ ಮೈಸೂರು ರಾಜ್ಯ ಅನ್ನುತ್ತಿದ್ದ ಕಾಲ. ನಾನು ಕೊಡ್ಲಿಯಲ್ಲಿ ಹಿಟ್ಟಿನ ಗಿರಣಿಯ ಇಂಜಿನ್ನಿಗೆ ಎಣ್ಣೆ ಹಾಕಿಕೊಂಡಿದ್ದವನು, ಶಹಾಬಾದಿಗೆ ಬಂದು ನಿನ್ನ ಅಬ್ಬಾ ಮಹಬೂಬ್ ಉಸ್ತಾದರ ಗ್ಯಾರೇಜು ಸೇರಿ ನಾಲ್ಕು ವರ್ಷವಾಗಿತ್ತು. ಹಾಸುಗಲ್ಲು ಹೊರುವ ಲಾರಿಗಳೇ ನಮ್ಮ ಗಿರಾಕಿಗಳು. ಹೊರಲಾರದಷ್ಟು ಕಲ್ಲು ಹೇರಿ, ಬಿಸಿಲಲ್ಲಿ ಏರು ಹತ್ತಿಸಿ, ನೀರು ಕುದಿಸಿ, ಕೊನೆಗೆ ಬಿಳಿ ಹೊಗೆ ಉಗುಳುತ್ತ ನಮ್ಮ ಬಾಗಿಲಿಗೆ ಬರುವವು.

ಬಿಳಿ ಹೊಗೆ ಅಂದರೆ ಗ್ಯಾಸ್ಕೆಟ್ ಸುಟ್ಟಿದೆ ಅಂತ ಅರ್ಥ. ಇಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಇರುವ ತೆಳ್ಳನೆಯ ತಗಡು ಅದು. ಅದನ್ನು ಬದಲಿಸಿ ಹೆಡ್ಡು ಕೂರಿಸಿ ಬೋಲ್ಟು ಬಿಗಿಯಬೇಕು — ನಡುವಿನಿಂದ ಶುರು ಮಾಡಿ ಅಂಚಿಗೆ, ಮೂರು ಸುತ್ತು. ಮೊದಲಿನ ಎರಡು ಸುತ್ತು ನನ್ನವು. ಮೂರನೆಯದು ಉಸ್ತಾದರದೇ, ಬೇರೆ ಯಾರದೂ ಅಲ್ಲ. ಬಿಗುವು ಅಳೆಯುವ ಸಾಧನ ನಮ್ಮಲ್ಲಿ ಇರಲಿಲ್ಲ, ಅವರ ಬಲಗೈಯೇ ಅಳತೆ. ಬೋಲ್ಟು ತಿರುಗಿಸುವ ಪಾನಾ ಹಿಡಿದು ಕಣ್ಣು ಮುಚ್ಚಿ ಎಳೆಯುವರು, ಒಂದು ಕಡೆ ಬಂದು ನಿಲ್ಲಿಸುವರು. ಯಾಕೆ ಅಲ್ಲೇ ನಿಲ್ಲಿಸಿದಿರಿ ಅಂದರೆ, "ಅದು ಹೇಳ್ತದ ಬೇಟಾ, ಸಾಕು ಅಂತ," ಅನ್ನುವರು. ನನಗೆ ಅದು ಯಾವತ್ತೂ ಏನೂ ಹೇಳಲಿಲ್ಲ. ಹೊಟ್ಟೆಕಿಚ್ಚು — ಹೌದು, ಅದೇ ಸರಿಯಾದ ಮಾತು.

ಅವತ್ತು ಶುಕ್ರವಾರ. ಸೇಡಂ ಕಡೆಯ ಲಾರಿ. ನನ್ನ ಎರಡು ಸುತ್ತು ಮುಗಿದಿದ್ದವು. ಉಸ್ತಾದ್ ಕೈ ತೊಳೆದು ನಮಾಜಿಗೆ ಹೊರಟರು. "ನಾ ಬರೋತನಾ ಮುಟ್ಟಬ್ಯಾಡ," ಅಂದರು. ನಾನು ಮುಟ್ಟಿದೆ. ಒಂದು ಬೋಲ್ಟು ಎಳೆದು ನೋಡೋಣ, ನನಗೂ ಹೇಳುತ್ತದೇನೋ ಅಂತ. ಹೇಳಲಿಲ್ಲ. ಇನ್ನಷ್ಟು ಎಳೆದೆ. ಬಿಗಿಯಾಗಿದ್ದದ್ದು ಒಮ್ಮೆಗೇ ಮೆತ್ತಗಾಯಿತು, ಹಸಿ ಗೋಡೆಯಿಂದ ಮೊಳೆ ಕಿತ್ತ ಹಾಗೆ. ಬ್ಲಾಕಿನೊಳಗೆ ಬೋಲ್ಟು ಕಚ್ಚಿಕೊಳ್ಳುವ ಥ್ರೆಡ್ಡು ಹರಿದುಹೋಗಿತ್ತು.

ನಾನು ಏನು ಮಾಡಿದೆ ಗೊತ್ತೇ? ಆ ಬೋಲ್ಟನ್ನು ಮೆಲ್ಲಗೆ ತಿರುಗಿಸಿ, ಉಳಿದವುಗಳ ಹಾಗೆಯೇ ಕಾಣುವಂತೆ ಕೂರಿಸಿದೆ. ಎಣ್ಣೆಯ ಬಟ್ಟೆಯಿಂದ ಒರೆಸಿಯೂ ಒರೆಸಿದೆ.

ಉಸ್ತಾದ್ ಬೈಯುವವರಲ್ಲ, ನಿನಗೆ ಗೊತ್ತು. "ಹೋಗ್ಲಿ ಬಿಡು" ಅನ್ನುತ್ತಿದ್ದರು, ಅಷ್ಟೇ. ನನಗೆ ಬೈಗುಳದ ಭಯ ಇರಲಿಲ್ಲ, ಅವರ ಕಣ್ಣಲ್ಲಿ ಸಣ್ಣವನಾಗುವ ಭಯ. ಅದಕ್ಕಾಗಿ —

ಅವರು ಬಂದರು. ನಡುವಿನಿಂದ ಶುರು ಮಾಡಿದರು. ನಾಲ್ಕನೆಯ ಬೋಲ್ಟಿಗೆ ಪಾನಾ ಹಾಕಿ ಎಳೆದರು, ಅದು ಸುಮ್ಮನೆ ತಿರುಗಿತು. ಮತ್ತೆ ಎಳೆದರು. ಮತ್ತೆ ತಿರುಗಿತು. ಅವರು ಬೋಲ್ಟಿನ ಕಡೆ ನೋಡಲಿಲ್ಲ ಶಮೀಮ್, ತಮ್ಮ ಅಂಗೈ ನೋಡಿಕೊಂಡರು. ಅಳತೆ ತಪ್ಪಿ ಹೆಚ್ಚು ಎಳೆದು ಥ್ರೆಡ್ಡು ಹರಿದದ್ದು ತಮ್ಮ ಕೈಯೇ ಅಂತ ತಿಳಿದರು. ನಿನ್ನ ದಾದಾಗೆ, ಅಂದರೆ ಉಸ್ತಾದರ ಅಬ್ಬಾಗೆ, ಕೊನೆಗಾಲದಲ್ಲಿ ಕೈ ನಡುಗಿ ತುತ್ತು ಬಾಯಿಗೆ ಹೋಗುತ್ತಿರಲಿಲ್ಲವಂತೆ. ಆ ಹೆದರಿಕೆ ಅವರೊಳಗೆ ಮೊದಲೇ ಇತ್ತು. "ಅಬ್ಬಾಗೂ ಹಿಂಗೇ ಶುರುವಾಗಿತ್ತೇನೋ," ಅಂದರು, ನನಗಲ್ಲ, ತಮಗೇ.

ಎರಡು ದಿನ ದುರಸ್ತಿ ನಡೆಯಿತು. ಹೆಡ್ಡು ಮತ್ತೆ ಇಳಿಸಿದೆವು. ಹರಿದ ತೂತನ್ನು ಅವರೇ ಕೈ ಡ್ರಿಲ್ಲಿನಿಂದ ದೊಡ್ಡದು ಮಾಡಿದರು, ಕೂದಲೆಳೆಯಷ್ಟೂ ವಾಲದ ಹಾಗೆ. ಟ್ಯಾಪು ಇಳಿಸಿ, ಅರ್ಧ ಸುತ್ತು ಮುಂದೆ, ಸ್ವಲ್ಪ ಹಿಂದೆ, ಚೂರು ತೆಗೆದು ಮತ್ತೆ ಮುಂದೆ, ಹೊಸ ಥ್ರೆಡ್ಡು ಕೊರೆದರು. ವಾಡಿಯ ಲೇತಿನಲ್ಲಿ ತೂತಿಗೆ ಹೊಂದುವ ಉಕ್ಕಿನ ಕೊಳವೆ, ಬುಶ್, ಮಾಡಿಸಿ ತಂದು ಅದರಲ್ಲಿ ಕೂರಿಸಿದರು. ನಾನು ದೀಪ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನಡುಗುವ ಕೈಯಿಂದ ಆಗುವ ಕೆಲಸವೇ ಅದು?

ಹೊಸ ಗ್ಯಾಸ್ಕೆಟ್ ಹಾಕಿದೆವು. ನನ್ನ ಎರಡು ಸುತ್ತು ಆದವು. ಅವರು ಪಾನಾ ಎತ್ತಿಕೊಂಡು ನಿಂತರು, ಎಳೆಯಲಿಲ್ಲ. ನನ್ನ ಕಡೆ ತಿರುಗಿದರು.

"ಬೇಟಾ ಶರಣು, ಒಂದು ಮಾತು ಕೇಳ್ತೀನಿ, ಖರೇ ಹೇಳು. ಅವತ್ತು ನಾ ಬರೋಕಿಂತ ಮೊದ್ಲ ನೀ ಏನರ ಮುಟ್ಟಿದ್ದೇನು?"

ಶಮೀಮ್, ಅವರು ನನ್ನ ತಪ್ಪು ಹಿಡಿಯಲು ಕೇಳಲಿಲ್ಲ. ಬೇಡಿಕೊಂಡ ಹಾಗೆ ಕೇಳಿದರು. ಹೂಂ ಅಂದಿದ್ದರೆ ಅವರಿಗೆ ಜೀವ ಬರುತ್ತಿತ್ತು, ನನ್ನನ್ನು ತಬ್ಬಿಕೊಳ್ಳುತ್ತಿದ್ದರೋ ಏನೋ.

"ಇಲ್ರಿ ಉಸ್ತಾದ್," ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ — ಬಾಯಿ ಮುಂದೆ ಹೋಯಿತು. "ವಯಸ್ಸಂದ್ರ ಹಂಗೇ ಅಲ್ರೀ. ಭಾಳ ಮನಸ್ಸಿಗೆ ಹಚ್ಕೋಬ್ಯಾಡ್ರಿ."

ಅವರಿಗೆ ಆಗ ನನ್ನ ಈಗಿನ ವಯಸ್ಸು. ಐವತ್ತೂ ಆಗಿರಲಿಲ್ಲ.

"ಹೌದಪ್ಪ," ಅಂದರು. ಪಾನಾ ನನ್ನ ಕೈಯಲ್ಲಿಟ್ಟು ಸ್ಟೂಲಿನ ಮೇಲೆ ಕೂತರು. ಆಮೇಲೆ ಮೂರನೆಯ ಸುತ್ತು ಅವರು ಎಳೆದದ್ದೇ ಇಲ್ಲ. ಗಿರಾಕಿಗಳು ಬಂದರೆ, "ಇನ್ನ ಮ್ಯಾಲ ಇವನ ಕೈ ನೋಡ್ರಿ," ಅನ್ನುವರು, ಹೆಮ್ಮೆಯಿಂದ. ಒಂದೆರಡು ವರ್ಷದಲ್ಲಿ ಜನ ನನ್ನನ್ನೇ ಉಸ್ತಾದ್ ಅನ್ನತೊಡಗಿದರು. ನಾನು ಓಗೊಟ್ಟೆ.

ಇನ್ನೊಂದು ಹೇಳಬೇಕು, ಇದು ನಿನ್ನದು. ದಿನಾ ಬೆಳಿಗ್ಗೆ ಸೈಕಲ್ಲಿನ ಮುಂದೆ ನಿನ್ನನ್ನು ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರಲ್ಲ, ಅದೇ ವಾರ ನಿಲ್ಲಿಸಿದರು. ಅಬ್ಬಾಗೆ ನಿನ್ನ ಮೇಲೆ ಏನೋ ಸಿಟ್ಟು ಅಂತ ನೀನು ಬಹಳ ದಿನ ಅಂದುಕೊಂಡಿದ್ದೆಯಂತೆ, ನೀನೇ ನನಗೆ ಹೇಳಿದ್ದೀ. ಸಿಟ್ಟಲ್ಲ ತಂಗಿ. ನಡುದಾರಿಯಲ್ಲಿ ಹ್ಯಾಂಡಲ್ ಹಿಡಿದ ಕೈ ತಪ್ಪಿದರೆ ಕೂಸು ಬೀಳುತ್ತದೆ ಅಂತ ನನ್ನ ಮುಂದೆ ಅಂದಿದ್ದರು. ನಾನು ಆಗಲೂ ತಲೆ ಆಡಿಸಿದೆ.

ಹೇಳುವ ಸಂದರ್ಭ ಸಿಗಲಿಲ್ಲ ಅಂದರೆ ಅದೂ ಸುಳ್ಳಾಗುತ್ತದೆ. ಒಂದು ಸಂಜೆ ನಿಮ್ಮ ಅಂಗಳದಲ್ಲಿ ನಿನ್ನ ಅಮ್ಮಿ ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡುತ್ತಿದ್ದರು. ಉಸ್ತಾದ್ ಸೂಜಿ ಇಸಿದುಕೊಂಡು ಒಂದೇ ಸಲಕ್ಕೆ ಪೋಣಿಸಿ ಕೊಟ್ಟರು. ಕೊಟ್ಟ ಮೇಲೆ ತಮ್ಮ ಬೆರಳು ನೋಡಿಕೊಂಡು, ನನ್ನ ಮುಖ ನೋಡಿದರು. ನಾನು ಎದ್ದು ಚಪ್ಪಲಿ ಹುಡುಕತೊಡಗಿದೆ. ಹನ್ನೊಂದು ವರ್ಷ ಹೀಗೆ ಕಳೆದವು. ಎದೆನೋವು ಬಂದು ಮಲಗಿದಾಗ ನನ್ನ ಕೈ ಹಿಡಿದುಕೊಂಡಿದ್ದರು, ಬಿಗಿಯಾಗಿ, ಎಲ್ಲಿಯೂ ಅಲುಗದೆ. ಅವರು ತೀರಿಕೊಂಡಾಗ ನಾನು ಅತ್ತೆ. ಶಿಷ್ಯನ ಪ್ರೀತಿ ಅಂತ ಎಲ್ಲರೂ ಅಂದರು. ಪ್ರೀತಿ ಇತ್ತು. ಅದು ಇಲ್ಲದಿದ್ದರೆ ಇದು ಇಷ್ಟು ನೋಯುತ್ತಿರಲಿಲ್ಲ.

ಅವರಿಗೆ ಆಗ ಕೊಡದ ಉತ್ತರವನ್ನು ಈಗ ನಿನಗೆ ಕೊಡುತ್ತಿದ್ದೇನೆ. ಮುಟ್ಟಿದ್ದೆ. ನಾನೇ ಕೆಡಿಸಿದೆ. ನಿನ್ನ ಅಬ್ಬಾಗೆ ಯಾವ ರೋಗವೂ ಇರಲಿಲ್ಲ. ನಿನ್ನ ಕೈ ಖರೇನೇ ನಡುಗಿದರೆ ಡಾಕ್ಟರಿಗೆ ತೋರಿಸೋಣ, ನಾನೇ ಕರೆದುಕೊಂಡು ಹೋಗುತ್ತೇನೆ, ನನ್ನ ಜೊತೆ ಬರಲು ಮನಸ್ಸಿದ್ದರೆ. ಆದರೆ ಅಬ್ಬಾನ ಹೆಸರು ಹೇಳಿ ಮಷಿನ್ ಯಾರಿಗೂ ಕೊಡಬೇಡ.

ಕ್ಷಮಿಸು ಅನ್ನುವುದಿಲ್ಲ. ಅದನ್ನು ಕೇಳಬೇಕಾಗಿದ್ದವರ ಮುಂದೆ ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಭಾನುವಾರ ಬೆಳಗಿನ ಬಸ್ಸಿಗೆ ಚಿಂಚೋಳಿಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನ್ನಿಷ್ಟ. ತೆಗೆಯದಿದ್ದರೆ ಹೊರಗೇ ನಿಂತು, ನಿಮ್ಮ ಓಣಿಗೆಲ್ಲ ಕೇಳುವ ಹಾಗೆ ಇದನ್ನೇ ಹೇಳಿ ಹೋಗುತ್ತೇನೆ.