ಓದದೆ ಒತ್ತಿದ ಮೊಹರು

ಓದದೆ ಸಹಿ ಹಾಕಬೇಡಿರೋ ಎಂದು ನಾನು ಹಿಂಡಿದ ಕಿವಿಗಳಿಗೆ ಲೆಕ್ಕವಿಲ್ಲ. ಹೆಡ್‌ಮಾಸ್ತರನ ಕಿವಿ ಹಿಂಡುವವರು ಮಾತ್ರ ಯಾರೂ ಇರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಚಿತ್ತಾಪುರದ ಶಾಲೆಯಲ್ಲಿ ಹೆಡ್‌ಮಾಸ್ತರನಾಗಿದ್ದೆ. ವಾಡಿಯಲ್ಲಿ ಅಪ್ಪ ಕಟ್ಟಿಸಿದ ಎರಡು ಕೋಣೆಯ ಮನೆಯನ್ನು ಬಾಲ್ಯದ ಗೆಳೆಯನಿಗೆ ಬಾಡಿಗೆಗೆ ಕೊಟ್ಟಿದ್ದೆ. ಅವನಿಗೆ ರೈಲ್ವೆಯಲ್ಲಿ ನೌಕರಿ. ಕರಾರುಪತ್ರ ಬರೆಸಿರಿ ಎಂದು ಹೆಂಡತಿ ಅಂದಾಗ ಅವಳ ಮೇಲೆಯೇ ಹರಿಹಾಯ್ದೆ. ಒಂದೇ ಬುತ್ತಿ ಬಿಚ್ಚಿ ಉಂಡವನ ಹತ್ತಿರ ಕಾಗದ ಕೇಳುವುದೇ? ಅವನೂ ಅಂದಿದ್ದ: "ಬೇಕಾದಾಗ ಒಂದು ಮಾತು ಹೇಳಪಾ, ಮರುದಿನ ಖಾಲಿ ಮಾಡ್ತೀನಿ."

ಬೇಕಾದ ದಿನ ಬಂತು. ಕಾಳಗಿಗೆ ಕೊಟ್ಟಿದ್ದ ನನ್ನ ತಂಗಿ ಗಂಡನ ಹೊಡೆತ ತಾಳದೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. ಚಿತ್ತಾಪುರದ ನಮ್ಮ ಬಾಡಿಗೆ ಮನೆಯಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ಗೆಳೆಯನಿಗೆ ಕ್ವಾರ್ಟರ್ಸ್ ಸಿಕ್ಕ ಸುದ್ದಿ ಕಿವಿಗೆ ಬಿದ್ದಿತ್ತು. ವಾಡಿಯ ಮನೆಯಲ್ಲಿ ತಂಗಿಯನ್ನು ಇಟ್ಟು ಹೊಲಿಗೆ ಮಷೀನು ಕೊಡಿಸಬೇಕು ಎಂದುಕೊಂಡು ರೈಲು ಹತ್ತಿದೆ.

ನಮ್ಮ ಮನೆಯ ಕಟ್ಟೆಯ ಮೇಲೆ ಯಾರೋ ಹೆಣ್ಣುಮಗಳು ಜೋಳ ಹಸನು ಮಾಡುತ್ತ ಕೂತಿದ್ದಳು.

"ಈ ಮನಿ ನಂದವ್ವಾ" ಎಂದೆ.

ಅವಳು ನಕ್ಕಳು. "ಚ್ಯಾಷ್ಟಿ ಮಾಡಬ್ಯಾಡ್ರಿ. ಇದು ನಮ್ಮ ಬೀಗರ ಮನಿ. ಅವರ ಮಗಳನ್ನ ನಮ್ಮ ಹುಡುಗಗ ತಂದೀವಿ. ಕುಂದ್ರಿ, ನೀರು ಕುಡೀರಿ."

ಕೂತೆ. ನೀರೂ ಕುಡಿದೆ. ಅವಳ ಗಂಡ ಕಲ್ಲಿನ ಗಣಿಯಲ್ಲಿ ಕೂಲಿಗಳ ಮೇಲಿನ ಮುಕಾದಮ. ಮನೆ ತನ್ನದೇ ಎಂದು ಹೇಳಿ, ಅವರನ್ನು ಅಲ್ಲಿ ಇರಿಸಿ, ಮಗಳ ಸಂಬಂಧ ಕುದುರಿಸಿದ್ದ ನನ್ನ ಗೆಳೆಯ. ಅವರದೇನು ತಪ್ಪು?

ಕ್ವಾರ್ಟರ್ಸಿಗೆ ಹೋಗಿ ಹಿಡಿದೆ. ತಲೆ ತಗ್ಗಿಸಿ ನಿಂತ. "ಈಗ ಬಿಡಸಂದ್ರ ನನ್ನ ಮಗಳನ್ನ ವಾಪಸ್ ಕಳಿಸ್ತಾರ. ಅಕಿ ಬಾಳೆ ಹಾಳಾಗ್ತದಪಾ."

"ನನ್ನ ತಂಗೀದು ಬಾಳೆ ಅಲ್ಲೇನಲೇ?"

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸಿಟ್ಟು ನೆತ್ತಿಗೇರಿತ್ತು, ದೂರು ಕೊಡಲು ನೇರ ತಹಸೀಲ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತ ಮುಕಾದಮನ ರೇಷನ್ ಕಾರ್ಡಿನ ಕಡತ ತೆಗೆದು ನನ್ನ ಮುಂದಿಟ್ಟ. "ಸರ್, ಮುಕಾದಮನ ಮಂದಿ ನಿಮ್ಮ ಒಪ್ಪಿಗಿ ಮ್ಯಾಲೇ ಅಲ್ಲಿ ಅದಾರಂತ ನೀವೇ ಸಹಿ ಮಾಡೀರಲ್ರಿ."

ಸಹಿ ನನ್ನದೇ, ಕೆಳಗೆ ಶಾಲೆಯ ಮೊಹರು. ಆಗ ನೆನಪಾಯಿತು. ಪರೀಕ್ಷೆಯ ಗಡಿಬಿಡಿಯಲ್ಲಿ ಗೆಳೆಯ ನಾಲ್ಕು ಕಾಗದ ತಂದಿದ್ದ. "ನಮ್ಮ ಓಣಿ ಮಂದೀವು, ಒತ್ತಪಾ" ಎಂದಿದ್ದ. ಊರವರ ಕಾಗದಗಳೆಲ್ಲ ಹೆಡ್‌ಮಾಸ್ತರನ ಮೊಹರಿಗೆ ಬರುತ್ತಿದ್ದ ಕಾಲ ಅದು. ಗುರುತಿನವರು ತಂದದ್ದನ್ನು ಅವರ ಎದುರಿಗೇ ಓದುವುದೆಂದರೆ ನಿನ್ನ ಮೇಲೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದಂತೆ. ನಾನು ಚಹಾ ಕುಡಿಯುತ್ತಲೇ ಒತ್ತಿಕೊಟ್ಟಿದ್ದೆ. ನನ್ನ ಈ ಚಾಳಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮನೆ ಹೋದದ್ದಕ್ಕಿಂತ ಅದೇ ನನ್ನ ಹೊಟ್ಟೆ ಉರಿಸಿತು.

ಕೋರ್ಟಿನಲ್ಲಿ ಆ ಸಹಿ ನನ್ನನ್ನು ನಾಲ್ಕು ವರ್ಷ ಅಲೆಸಿತು. ಎರಡನೆಯ ವರ್ಷ ತಂಗಿ ಬಟ್ಟೆ ಗಂಟು ಕಟ್ಟಿದಳು. ಇನ್ನೊಂದು ತಾರೀಖು ನೋಡೋಣ ಎಂದೆ. "ಎಷ್ಟು ತಾರೀಖಂತ ನೋಡಲಿ ಅಣ್ಣಾ? ವೈನಿ ಏನೂ ಅನ್ನಂಗಿಲ್ಲ, ಖರೆ. ಆದ್ರ ನನಗೇ ತುತ್ತು ಇಳಿಯವಲ್ದು" ಎಂದು ಮಕ್ಕಳೊಡನೆ ಕಾಳಗಿಯ ಬಸ್ಸು ಹತ್ತಿದಳು. ನಾನು ತಡೆಯಲಿಲ್ಲ. ತಡೆದು ಎಲ್ಲಿ ಇಡಲಿ?

ಕೊನೆಗೆ ತೀರ್ಪು ನನ್ನ ಕಡೆ ಆಯಿತು. ಮನೆ ಖಾಲಿಯಾದ ದಿನವೇ ಕಾಳಗಿಗೆ ಓಡಿದೆ. ಬಾಗಿಲಿಗೆ ಬಂದ ತಂಗಿಯ ಮುಂದಿನ ಎರಡು ಹಲ್ಲು ಇರಲಿಲ್ಲ.

"ಮನಿ ಸಿಕ್ತವ್ವಾ, ನಡಿ" ಎಂದೆ.

ಅವಳು ಒಳಗೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು: "ದೊಡ್ಡಾಕಿ ಲಗ್ನ ಮಾಡಿಬಿಟ್ಟಾರ ಅಣ್ಣಾ. ಈಗ ನಾ ಗಂಡನ್ನ ಬಿಟ್ಟು ಬಂದ್ರ, ಬೀಗರು ಅಕಿನ್ನ ಇಟಗೋತಾರೇನು?"